ಲಂಗೋಟಿ ಒಗೆದ ಮಳೆಗಾಲ

ನ್ಯಾಪಿಗೆ ಕನ್ನಡದಲ್ಲಿ ಏನನ್ನಬೇಕು? "ಶಿಶುವಸ್ತ್ರ" ಅಂದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಾಗುತ್ತದೆ. "ಕೌಪೀನ" ಅಂದುಬಿಟ್ಟರೆ ಮಗುವಿನ ಕೈಗೊಂದು ಕಮಂಡಲವನ್ನೂ ಕೊಡಬೇಕಾದೀತು. "ಲಂಗೋಟಿ" ಪರವಾಗಿಲ್ಲ, ಆದರೆ ಅದು ಗರಡಿಮನೆಯ ಪೈಲ್ವಾನರಿಗೂ ಸೇರಿದ್ದು. ನನ್ನ ಹೆಂಡತಿಯ ಊರಾದ ಕಟ್ಟಾಯದಲ್ಲಿ ಇಂಥ ತಲೆನೋವೇ ಇಲ್ಲ. ಅಲ್ಲಿ ಅದು ಬರೀ "ಬಟ್ಟೆ". "ಮಗ ಉಚ್ಚೆ ಉಯ್ಕಂಡದೆ, ಬಟ್ಟೆ ಬದ್ಲಾಯ್ಸವ್ವ" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಅಂದಹಾಗೆ, ನಮ್ಮದು ಹೆಣ್ಣು ಮಗು. ಆದರೂ ಆ ಕಡೆ ಎಲ್ಲ ಕೂಸುಗಳೂ "ಮಗ"ವೇ!

ಕಟ್ಟಾಯ ಗೊತ್ತಿಲ್ಲದವರಿಗೆ ಒಂದು ಮಾತು. ಹಾಸನ ತಾಲೂಕಿನ ಒಂದು ಹೋಬಳಿ ಅದು. ಚುನಾವಣೆ ಬಂದಾಗ ಪೇಪರಿನಲ್ಲಿ "ಸಕಲೇಶಪುರ-ಆಲೂರು-ಕಟ್ಟಾಯ ಕ್ಷೇತ್ರ" ಅಂತ ಬಾಲದಲ್ಲಿ ಕಾಣಿಸಿಕೊಳ್ಳುತ್ತದಲ್ಲ, ಅದೇ ಕಟ್ಟಾಯ. ಅತ್ತ ಪೂರ್ತಿ ಮಲೆನಾಡಲ್ಲ, ಇತ್ತ ಪೂರ್ತಿ ಬಯಲುಸೀಮೆಯೂ ಅಲ್ಲ. ರಾಗಿ, ಜೋಳ, ಆಲೂಗೆಡ್ಡೆ, ಶುಂಠಿ ಬೆಳೆಯುವ ಜನ. ಗೊರೂರಿನ ಹೇಮಾವತಿ ಅಣೆಕಟ್ಟು ಅಲ್ಲಿಂದ ದೂರವಿಲ್ಲ. ಬಿಸಿಲಿಗಾಲದಲ್ಲಿ ಬಿಸಿಲು ಚೆನ್ನಾಗಿಯೇ ಇರುತ್ತದೆ, ಮಳೆಗಾಲದಲ್ಲಿ ಮಳೆಯೂ ಅಷ್ಟೇ. ಈ ಎರಡನೇ ಮಾತು ಮುಂದೆ ಮುಖ್ಯವಾಗುತ್ತದೆ, ನೆನಪಿಟ್ಟುಕೊಳ್ಳಿ.

ನಮ್ಮ ಪುಟ್ಟಿ ಹುಟ್ಟಿದ್ದು 2024ರ ಜೂನ್ ಮೊದಲ ವಾರ, ಹಾಸನದಲ್ಲಿ. ಮೂರನೇ ದಿನ ತಾಯಿ ಮಗು ಇಬ್ಬರೂ ಕಟ್ಟಾಯಕ್ಕೆ ಬಂದರು. ನನಗೆ ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಇದ್ದುದರಿಂದ ಎರಡು ತಿಂಗಳು ನಾನೂ ಅಲ್ಲೇ ಉಳಿದೆ. ಬಾಣಂತನದ ಮನೆಯಲ್ಲಿ ಅಳಿಯ ಎರಡು ತಿಂಗಳು ಠಿಕಾಣಿ ಹೂಡಿದ್ದು ಬೀದಿಗೆಲ್ಲ ಸುದ್ದಿಯಾಯಿತು ಅನ್ನೋದು ಬೇರೆ ವಿಷಯ.

ಬಟ್ಟೆಯ ತಯಾರಿ ಮಗು ಹುಟ್ಟುವ ಎರಡು ತಿಂಗಳ ಮೊದಲೇ ಶುರುವಾಗಿತ್ತು. ಮಾವನ ಹಳೇ ಪಂಚೆಗಳು, ಅತ್ತೆಯ ವಾಯಿಲ್ ಸೀರೆಗಳು, ಅಜ್ಜಿಯ (ಅಂದರೆ ನನ್ನ ಹೆಂಡತಿಯ ಅಜ್ಜಿ, ಎಂಬತ್ತು ದಾಟಿದವರು) ಟ್ರಂಕಿನಲ್ಲಿದ್ದ ಕೈಮಗ್ಗದ ಸೀರೆ, ಎಲ್ಲ ಹೊರಬಂದವು. ಹೊಸ ಬಟ್ಟೆ ಯಾಕೆ ಬೇಡ ಅಂದರೆ ಅದರಲ್ಲಿ ಗಂಜಿ ಇರುತ್ತದೆ, ಒರಟಾಗಿರುತ್ತದೆ, ನೀರನ್ನೂ ಬೇಗ ಹೀರುವುದಿಲ್ಲ. ನೂರಾರು ಸಲ ಒಗೆದ ಹತ್ತಿಬಟ್ಟೆಯಲ್ಲಿ ಎಳೆಗಳು ಸಡಿಲವಾಗಿ ಮೆತ್ತಗಾಗಿರುತ್ತವೆ, ನೀರು ಬಿದ್ದ ತಕ್ಷಣ ಎಳೆದುಕೊಳ್ಳುತ್ತವೆ. ಇದನ್ನು ಪುಸ್ತಕ ಓದಿ ಕಲಿತವರು ಅಲ್ಲಿ ಯಾರೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು ಅಷ್ಟೆ.

ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆ ಗಮ್ಮಂತ ಬಂತು. ಇಲ್ಲಿ ಮಾತ್ರ ನನ್ನ ಹೆಂಡತಿ ಪಟ್ಟು ಹಿಡಿದಳು. ಹೆರಿಗೆ ಡಾಕ್ಟರು ಅವಳಿಗೆ ಮೊದಲೇ ಹೇಳಿದ್ದರು. ಆ ಬಿಳಿ ಗುಳಿಗೆಗಳು ನ್ಯಾಫ್ತಲೀನ್. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ, ಹುಟ್ಟಿದ ಕೂಡಲೇ ಅದು ಯಾರಿಗೂ ತಿಳಿಯುವುದಿಲ್ಲ. ಅಂಥ ಕೂಸಿಗೆ ನ್ಯಾಫ್ತಲೀನ್ ಸೋಕಿದ ಬಟ್ಟೆ ಸುತ್ತಿದರೆ ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ ತೀವ್ರವಾಗಬಹುದು. ಆ ಟ್ರಂಕಿನ ಬಟ್ಟೆಗಳನ್ನು ಕೂಸಿಗೆ ಬಳಸದೆ ಒರೆಸಲು ಇಟ್ಟುಕೊಂಡೆವು. ಅಜ್ಜಿಗೆ ಸ್ವಲ್ಪ ಬೇಜಾರಾಯಿತು. "ನಾವೆಲ್ಲ ಬೆಳೀಲಿಲ್ವ" ಅಂದರು. ಆಮೇಲೆ ತಾವೇ ಉಟ್ಟುಕೊಳ್ಳುತ್ತಿದ್ದ ಒಂದು ಸೀರೆ ಕೊಟ್ಟರು. ಹಳೇ ಬಟ್ಟೆ ಎತ್ತಿಟ್ಟುಕೊಂಡಿರುವ ಎಲ್ಲ ಮನೆಗಳಲ್ಲೂ ನುಸಿಗುಳಿಗೆ ಇರುವುದರಿಂದ ಈ ಮಾತನ್ನು ಮೊದಲೇ ಬರೆದಿದ್ದೇನೆ. ಈ ಬರಹದಲ್ಲಿ ಬೇರೇನೂ ನೆನಪುಳಿಯದಿದ್ದರೂ ಇದೊಂದು ಉಳಿಯಲಿ.

ಎಲ್ಲ ಕತ್ತರಿಸಿದ ಮೇಲೆ ಲೆಕ್ಕ ಹಾಕಿದರೆ ಒಟ್ಟು 48 ತುಂಡು. ಎರಡು ಗೇಣು, ಎರಡೂವರೆ ಗೇಣಿನ ಚೌಕಗಳು. ಮೂಲೆಗೆ ಮೂಲೆ ಕೂಡಿಸಿ ತ್ರಿಕೋನ ಮಾಡಿ, ಮೇಲೆ ಇನ್ನೊಂದು ಸಣ್ಣ ಮಡಿಕೆ ಇಟ್ಟು, ಸೊಂಟದ ಎರಡೂ ಕಡೆಯ ತುದಿ ತಂದು ಗಂಟು ಹಾಕಬೇಕು. ಪಿನ್ನು ಗಿನ್ನು ಏನೂ ಇಲ್ಲ. ಉಡುದಾರ ಕಟ್ಟಿದ ಮೇಲೆ ಇನ್ನೂ ಸುಲಭ, ಉದ್ದನೆಯ ಪಟ್ಟಿಯೊಂದನ್ನು ಮುಂದೆ ಹಿಂದೆ ಉಡುದಾರಕ್ಕೆ ಸಿಕ್ಕಿಸಿದರೆ ಆಯಿತು. ಗಂಟು ಹೊಕ್ಕುಳಿಗೆ ತಾಗಬಾರದು, ಹೊಕ್ಕುಳಬಳ್ಳಿ ಬೀಳುವ ತನಕ ಬಟ್ಟೆಯನ್ನು ಅದಕ್ಕಿಂತ ಕೆಳಗೇ ಕಟ್ಟಬೇಕು. ಕೆಳಗೆ ಒಂದು ರಬ್ಬರ್ ಶೀಟು, ಅದರ ಮೇಲೆ ದಪ್ಪ ಬಟ್ಟೆ.

ಈಗ ಬಟ್ಟೆ ನಮಗೆ ನಿಜವಾಗಿ ಮಾಡಿದ ಉಪಕಾರಕ್ಕೆ ಬರುತ್ತೇನೆ.

ಹುಟ್ಟಿದಾಗ ಪುಟ್ಟಿಯ ತೂಕ 2.9 ಕಿಲೋ. ಮನೆಗೆ ಬಂದ ಎರಡು ದಿನಕ್ಕೆ ನೋಡಲು ಬಂದವರ ಸಾಲು ಶುರುವಾಯಿತು. ಒಬ್ಬರು ಮಗುವಿನ ಕಾಲು ಹಿಡಿದು ನೋಡಿ "ಯಾಕೋ ಸೊರಗ್ದಂಗದೆ" ಅಂದರು. ಇನ್ನೊಬ್ಬರು "ಹಾಲು ಸಾಲ್ತಿಲ್ವೇನೋ, ಹಸೀನ್ ಹಾಲಿಗೆ ನೀರ್ ಬೆರ್ಸಿ ಕೊಡಿ" ಅಂದರು. ಮತ್ತೊಬ್ಬರು ಡಬ್ಬಿ ಹಾಲಿನ ಹೆಸರನ್ನೇ ಹೇಳಿದರು. ಹೆತ್ತು ಐದು ದಿನವಾದ ಹೆಂಗಸಿಗೆ ದಿನಕ್ಕೆ ನಾಲ್ಕು ಜನ "ನಿನ್ನ ಹಾಲು ಸಾಲ್ತಿಲ್ಲ" ಅಂದರೆ ಏನಾಗುತ್ತದೆ? ಅವಳು ರಾತ್ರಿ ಕೂತು ಅಳತೊಡಗಿದಳು. ಐದನೇ ದಿನ ಹಾಸನದಲ್ಲಿ ತೂಕ ನೋಡಿದರೆ 2.7 ಕಿಲೋ. ಹುಟ್ಟಿದ ಮಕ್ಕಳು ಮೊದಲ ಕೆಲವು ದಿನ ಸ್ವಲ್ಪ ತೂಕ ಕಳೆದುಕೊಂಡು, ಸುಮಾರು ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳುತ್ತವೆ, ಅದು ಸಹಜ ಅಂತ ಡಾಕ್ಟರು ಹೇಳಿದರು. ಆದರೆ ಮನೆಗೆ ಬಂದ ಮೇಲೆ ಡಾಕ್ಟರ ಮಾತಿಗಿಂತ ಪಕ್ಕದ ಮನೆಯವರ ಮಾತೇ ಜೋರಾಗಿ ಕೇಳಿಸುತ್ತದೆ.

ಆಗ ಆಶಾ ಕಾರ್ಯಕರ್ತೆ ಬಂದರು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ, ಹೀಗೆ ಆರು ಸಲ ಬಂದು ಕೂಸನ್ನು ನೋಡಬೇಕು ಅಂತ ಯೋಜನೆಯೇ ಇದೆ. ಏಳನೇ ದಿನದ ಭೇಟಿ ಅದು. ತೂಗುವ ಮೊದಲೇ ಆಕೆ ಕೇಳಿದ ಪ್ರಶ್ನೆ: "ಅಕ್ಕ, ದಿನಕ್ಕೆ ಎಷ್ಟು ಬಟ್ಟೆ ಒದ್ದೆ ಆಗ್ತವೆ?"

ನನ್ನ ಹೆಂಡತಿ ನನ್ನ ಮುಖ ನೋಡಿದಳು. ಒಗೆಯುವವನು ನಾನಲ್ಲವೇ, ಲೆಕ್ಕ ನನ್ನ ಹತ್ತಿರ ಇತ್ತು. ಹಿಂದಿನ ದಿನ ಹದಿನಾಲ್ಕು ಉಚ್ಚೆ ಬಟ್ಟೆ, ನಾಲ್ಕು ಕಕ್ಕದ ಬಟ್ಟೆ. ಆಕೆ ನಕ್ಕುಬಿಟ್ಟರು. "ಐದಾರು ದಿನ ಆದ್ಮೇಲೆ ದಿನಕ್ಕೆ ಆರು ಸಲ ಉಚ್ಚೆ ಮಾಡುದ್ರೆ ಹಾಲು ಸಾಲ್ತದೆ ಅಂತ ಲೆಕ್ಕ. ನಿಮ್ದು ಹದಿನಾಲ್ಕು. ಇನ್ನೇನ್ ಬೇಕಕ್ಕ? ಯಾರಾದ್ರೂ ಕೇಳುದ್ರೆ ಹಗ್ಗದ ಮೇಲಿರೋ ಬಟ್ಟೆ ಎಣ್ಸಿ ಅನ್ನಿ" ಅಂದರು.

ಕಕ್ಕದ ಬಣ್ಣವೂ ಹಾಗೆಯೇ. ಮೊದಲ ಎರಡು ಮೂರು ದಿನ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟು. ಆಮೇಲೆ ಹಸಿರು. ಐದನೇ ದಿನದ ಹೊತ್ತಿಗೆ ಸಾಸಿವೆ ಹಳದಿ. ಹಾಲು ಒಳಗೆ ಹೋಗುತ್ತಿದೆ ಎನ್ನುವುದಕ್ಕೆ ಅದೂ ಒಂದು ಸಾಕ್ಷಿ. ಇದೆಲ್ಲ ಬಿಳಿ ಪಂಚೆಯ ತುಂಡಿನ ಮೇಲೆ ಅಚ್ಚಾಗಿ ಕಾಣುತ್ತದೆ. ಡೈಪರ್‌ನಲ್ಲಿ ಎಣಿಕೆ ಕಷ್ಟ, ನಾಲ್ಕು ಸಲ ಹುಯ್ದರೂ ಒಂದೇ ಸಲ ಬಿಚ್ಚುತ್ತೇವೆ. ಒದ್ದೆಯಾದರೆ ಬಣ್ಣ ಬದಲಿಸುವ ಗೆರೆ ಕೆಲವು ಡೈಪರುಗಳಲ್ಲಿ ಇರುತ್ತದೆ ನಿಜ, ಆದರೆ ಒದ್ದೆಯಾಗಿದೆ ಅನ್ನುತ್ತದೆಯೇ ಹೊರತು ಎಷ್ಟು ಸಲ ಅನ್ನುವುದಿಲ್ಲ.

ಹದಿನಾಲ್ಕನೇ ದಿನ ಆಕೆ ತಂದ ತೂಗುತಕ್ಕಡಿಯಲ್ಲಿ 3 ಕಿಲೋ ತೋರಿಸಿತು. ಹಸುವಿನ ಹಾಲೂ ಬರಲಿಲ್ಲ, ಡಬ್ಬಿಯೂ ಬರಲಿಲ್ಲ. ನನ್ನ ಹೆಂಡತಿ ಆ ದಿನ ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿದಳು. ಐದನೇ ದಿನದಿಂದ ಅವಳು ಹಾಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ.

ಇನ್ನು ಒಗೆಯುವ ಕಥೆ. ದಿನಕ್ಕೆ ಹದಿನೆಂಟು ಇಪ್ಪತ್ತು ಬಟ್ಟೆ. ಮೊದಲೆರಡು ದಿನ ಅತ್ತೆಯೇ ಒಗೆದರು. ಅವರಿಗೆ ಮಣಿಕಟ್ಟಿನ ನೋವು ಹಳೆಯದು. ಬೆಳಗ್ಗೆ ಕೊಟ್ಟಿಗೆ, ಆಮೇಲೆ ಅಡಿಗೆ, ಬಾಣಂತಿಗೆ ಬೇರೆ ಅಡಿಗೆ, ಹಂಡೆಗೆ ಉರಿ, ಮಗುವಿಗೆ ಎಣ್ಣೆ ನೀರು, ಅದರ ಮೇಲೆ ಇದು. ಮೂರನೇ ದಿನ ಹಿಂಡಲಿಕ್ಕೆ ಆಗದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ ಹಗ್ಗಕ್ಕೆ ಹಾಕುತ್ತಿದ್ದರು. ನಾನು ಬಕೆಟ್ ತೆಗೆದುಕೊಂಡೆ. "ಅಯ್ಯೋ ಬುಡಿ, ನೀವ್ಯಾಕೆ? ನೋಡ್ದೋರು ಏನಂದಾರು" ಅಂದರು. "ಅತ್ತೆ, ಮಗು ನಂದಲ್ವಾ" ಅಂದೆ. ಅವರಿಗೆ ಅದಕ್ಕೆ ಉತ್ತರ ಸಿಗಲಿಲ್ಲ.

ನೋಡಿದವರು ಅಂದೇ ಅಂದರು. ಹಿತ್ತಲ ಬೇಲಿಯ ಆಚೆಯಿಂದ "ಅಳಿಯಂದ್ರು ಬೆಂಗ್ಳೂರಲ್ಲಿ ಇದೇ ಕೆಲ್ಸವಾ?" ಅಂತ ಒಬ್ಬರು ಕೇಳಿದರು. "ಇಲ್ಲ ಅಕ್ಕ, ಅಲ್ಲಿ ಕಂಪ್ಯೂಟರ್ ಕೊಳೆ, ಇಲ್ಲಿ ನಿಜವಾದ ಕೊಳೆ" ಅಂದೆ. ಒಂದು ವಾರ ನಗಾಡಿದರು. ಆಮೇಲೆ ಮರೆತರು. ಮಾವ ಮಾತ್ರ ಏನೂ ಅನ್ನದೆ ಒಂದು ಸಂಜೆ ಹಿತ್ತಲ ಒಗೆಯೋ ಕಲ್ಲಿನ ಮೇಲೆ ನಾಲ್ಕು ಕಂಬ ನೆಟ್ಟು ತಗಡು ಹಾಕಿಕೊಟ್ಟರು, ನಾನು ಮಳೆಯಲ್ಲಿ ನೆನೆಯಬಾರದು ಅಂತ.

ಒಗೆಯುವ ಕ್ರಮ ಹೀಗೆ. ಕಕ್ಕದ ಬಟ್ಟೆಯನ್ನು ಕೂಡಲೇ ತಣ್ಣೀರಿನಲ್ಲಿ ಜಾಲಿಸಬೇಕು. ಬಿಸಿನೀರು ಮೊದಲು ಹಾಕಿದರೆ ಕಲೆ ಕೂತುಬಿಡುತ್ತದೆ. ಬರೀ ಎದೆಹಾಲು ಕುಡಿಯುವ ಕೂಸಿನದು ನೀರಿಗೆ ಸಲೀಸಾಗಿ ಬಿಡುತ್ತದೆ, ಅಂಥ ವಾಸನೆಯೂ ಇರುವುದಿಲ್ಲ. ಉಚ್ಚೆ ಬಟ್ಟೆ ಬೇರೆ ಬಕೆಟ್. ಬಾರ್ ಸೋಪು ಹಚ್ಚಿ ತಿಕ್ಕಿ, ಮೂರು ಸಲ ಜಾಲಿಸಬೇಕು. ಸೋಪು ಉಳಿದರೆ ಕೂಸಿನ ಚರ್ಮ ಕೆಂಪಾಗುತ್ತದೆ. ಎರಡು ದಿನಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ ತೆಗೆಯುವುದು. ಬಟ್ಟೆ ಘಮಘಮ ಅನ್ನಲಿ ಅಂತ ಹಾಕುವ ಕಂಡೀಷನರ್ ಬೇಡ, ಅದು ಎಳೆಗಳ ಮೇಲೆ ಪದರ ಕಟ್ಟಿ ಬಟ್ಟೆ ನೀರು ಹೀರದ ಹಾಗೆ ಮಾಡುತ್ತದೆ. ಡೆಟಾಲ್ ಹಾಕಲೇಬೇಕು ಅನ್ನುವವರಿದ್ದಾರೆ, ನಾವು ಹಾಕಲಿಲ್ಲ. ಬಿಸಿಲು ಸಿಕ್ಕರೆ ಸಾಕು, ಹಳದಿ ಕಲೆ ತಾನಾಗಿ ಮಾಯವಾಗುತ್ತದೆ.

ಬಿಸಿಲು ಸಿಕ್ಕರೆ!

"ಆರಿದ್ರಾ ಮಳೆ ಆರದೆ ಹುಯ್ಯುತ್ತೆ" ಅಂತ ಗಾದೆ ಇದೆಯಲ್ಲ. ಅದನ್ನು ಯಾರೋ ಬಾಣಂತಿ ಬಟ್ಟೆ ಒಗೆಯುವವರೇ ಮಾಡಿರಬೇಕು ಅಂತ ನನಗೆ ಖಾತ್ರಿಯಾಗಿದೆ. ಜೂನ್ ಕೊನೆಗೆ ಆರಿದ್ರಾ ಹಿಡಿಯಿತು. ಜುಲೈನಲ್ಲಿ ಪುನರ್ವಸು, ಪುಷ್ಯ. 2024ರ ಜುಲೈ ಹೇಗಿತ್ತು ಅಂತ ಹಾಸನ ಕಡೆಯವರಿಗೆ ನೆನಪಿರುತ್ತದೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯಿತು. 2922 ಅಡಿಯ, 37 ಟಿಎಂಸಿ ಹಿಡಿಯುವ ಗೊರೂರಿನ ಅಣೆಕಟ್ಟು ತುಂಬಿ ನದಿಗೆ ನೀರು ಬಿಟ್ಟರು. ಊರಿನ ಜನ ಡ್ಯಾಂ ನೋಡಲು ಗಾಡಿ ಮಾಡಿಕೊಂಡು ಹೋದರು. ನಾನು ಹಗ್ಗದ ಮೇಲಿನ ಇಪ್ಪತ್ತು ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

48 ಬಟ್ಟೆ ಅಂದರೆ ಬಿಸಿಲಿನಲ್ಲಿ ಎರಡು ದಿನಕ್ಕೆ ಧಾರಾಳ. ಮಳೆಯಲ್ಲಿ ಒಂದು ಬಟ್ಟೆ ಒಣಗಲು ಮೂರು ದಿನ. ಲೆಕ್ಕ ಕೂಡುವುದಿಲ್ಲ. ಬಚ್ಚಲ ಒಲೆಯ ಮೇಲೆ ಅಡ್ಡಡ್ಡ ಹಗ್ಗ ಕಟ್ಟಿದೆವು. ಅಲ್ಲಿ ಒಣಗುತ್ತಿತ್ತು, ಆದರೆ ಹೊಗೆ ವಾಸನೆ. ಅಜ್ಜಿಯ ಕಾಲದ ಉಪಾಯ ಬೇರೆ: ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹರಡುವುದು. ಬಿದಿರಿನ ಕಣ್ಣುಗಳಿಂದ ಬಿಸಿ ಬಂದು ಹತ್ತು ನಿಮಿಷದಲ್ಲಿ ಬಟ್ಟೆ ಬೆಚ್ಚಗೆ, ಗರಿಗರಿ. ಉಪಾಯ ಒಳ್ಳೆಯದೇ. ಆದರೆ ಎಳೆಗೂಸಿರುವ ಮುಚ್ಚಿದ ಕೋಣೆಯಲ್ಲಿ ಹೊಗೆ ಬೇಡ ಅಂತ ಮಕ್ಕಳ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾಗಿ ಸಾಂಬ್ರಾಣಿ ಬಿಟ್ಟು, ಬುಟ್ಟಿ ಮತ್ತು ಕೆಂಡವನ್ನು ಹಿತ್ತಲ ಜಗುಲಿಗೆ ಸಾಗಿಸಿದೆವು. ಅರ್ಧ ಒಣಗಿದ್ದನ್ನು ಇಸ್ತ್ರಿ ಪೆಟ್ಟಿಗೆಯಲ್ಲಿ ಪೂರ್ತಿ ಮಾಡುವುದು ನನ್ನ ಕೆಲಸ, ಕರೆಂಟ್ ಇದ್ದಾಗ. ಆಫೀಸಿನ ಮೀಟಿಂಗು ಕಿವಿಯಲ್ಲಿ, ಇಸ್ತ್ರಿ ಪೆಟ್ಟಿಗೆ ಕೈಯಲ್ಲಿ. ಕ್ಯಾಮೆರಾ ಮಾತ್ರ ಆನ್ ಮಾಡುತ್ತಿರಲಿಲ್ಲ.

ಹೀಗೊಂದು ದಿನ ಕೆಂಡದ ಮುಂದೆ ಕೂತಿದ್ದಾಗ ಅಜ್ಜಿ ಬಂದು ಪಕ್ಕದಲ್ಲಿ ಕೂತರು. ನಾನು, "ಅಜ್ಜಿ, ನಿಮ್ಮ ಕಾಲದಲ್ಲಿ ಮನೆ ತುಂಬಾ ಮಕ್ಕಳು, ಅಷ್ಟೂ ಬಟ್ಟೆ ಹೆಂಗೆ ಒಗೀತಿದ್ರಿ?" ಅಂತ ಕೇಳಿದೆ.

"ನಾವೆಲ್ಲಿ ಒಗೀತಿದ್ವಪ್ಪ" ಅಂದರು ಅಜ್ಜಿ. "ಪುರುಡು ಕಳೆಯೋ ಗಂಟ ಬಾಣಂತಿ ಬಟ್ಟೆ, ಮಗೀನ್ ಬಟ್ಟೆ ಎಲ್ಲ ಅಗಸ್ರವ್ಳು ಒಯ್ಯೋಳು. ಹಿತ್ತಲ ಬಾಗ್ಲತ್ರ ಗಂಟು ಕಟ್ಟಿ ಇಡ್ತಿದ್ವು. ಒಳೀಕೆ ಬರೋ ಹಂಗಿರ್ಲಿಲ್ಲ ಅವ್ಳು. ಕೆರೇಗ್ ವತ್ಕಂಡೋಗಿ ಸವಳು ಹಾಕಿ ಒಕ್ಕೊಂಡ್ ಬರೋಳು. ಸುಗ್ಗೀಲಿ ಕಣ್ದತ್ರ ಬಂದ್ರೆ ರಾಗಿ ಅಳ್ದು ಕೊಡ್ತಿದ್ರು, ಅಷ್ಟೆಯ."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದರು: "ಅವ್ಳಿಗೂ ಕೈಗೂಸಿತ್ತು ಕಣಪ್ಪ. ಬಗಲಲ್ಲಿ ಎತ್ಕಂಡೇ ಬರೋಳು. ಅವ್ಳ್ ಮಗೀನ್ ಬಟ್ಟೆ ಯಾವಾಗ್ ಒಗ್ಯೋಳೋ ಏನೋ. ನಾವು ಕೇಳ್ನೇ ಇಲ್ಲ."

ಈ ಮಾತು ನನ್ನನ್ನು ಬಿಡಲಿಲ್ಲ. ಬಟ್ಟೆಯ ಪರವಾಗಿ ಬರೆಯುವವರು "ನಮ್ಮ ಅಜ್ಜಿಯರು ಪರಿಸರಕ್ಕೆ ಒಂಚೂರೂ ಹಾನಿ ಮಾಡದೆ ಮಕ್ಕಳನ್ನು ಬೆಳೆಸಿದರು" ಅನ್ನುತ್ತಾರೆ. ಹಾನಿ ಇರಲಿಲ್ಲ ನಿಜ. ಆದರೆ ಆ ಒಗೆತ ಗಾಳಿಯಲ್ಲಿ ಆಗುತ್ತಿರಲಿಲ್ಲ. ಮಡಿವಾಳರ ಮನೆಯ ಒಬ್ಬ ಹೆಂಗಸು, ಹೊಸ್ತಿಲು ದಾಟುವಂತಿಲ್ಲದವಳು, ಊರಿನ ಎಲ್ಲ ಮಕ್ಕಳ ಹೊಲಸನ್ನು ಒಗೆದು ಬಿಸಿಲಿಗೆ ಹಾಕುತ್ತಿದ್ದಳು. ಮಡಿ ಮಾಡಿಕೊಡುವವಳನ್ನೇ ಮೈಲಿಗೆ ಅಂದ ವ್ಯವಸ್ಥೆ ಅದು. ಆಕೆಯ ಮನೆಯವರು ಆ ಕೆಲಸ ಬಿಟ್ಟಿದ್ದು ಒಳ್ಳೆಯದೇ ಆಯಿತು. ಆಮೇಲೆ ಅದು ಅತ್ತೆಯಂಥವರ ಮಣಿಕಟ್ಟಿಗೆ ಬಂತು. ಈಗಿನ ಪೇಟೆ ಮನೆಗಳಲ್ಲಿ ಕೆಲಸದಾಕೆಗೆ. ಹೆತ್ತವಳು ಎದ್ದು ಓಡಾಡುವಂತಾದ ಮೇಲೆ ಅವಳಿಗೆ. ಹಾಗಾಗಿ "ಬಟ್ಟೆಯೋ ಡೈಪರೋ" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು "ಒಗೆಯೋದು ಯಾರು?" ಅಂತ.

ಡೈಪರನ್ನು ಬೈಯುವುದು ಸುಲಭ. ಆದರೆ ಅದು ಹುಟ್ಟಿದ್ದೇ ಈ ಒಗೆತದಿಂದ ತಪ್ಪಿಸಿಕೊಳ್ಳಲು. ಅಮೆರಿಕದಲ್ಲಿ ಮರಿಯನ್ ಡೊನೊವನ್ ಎಂಬ ತಾಯಿ ಬಚ್ಚಲಿನ ಪರದೆಯನ್ನು ಕತ್ತರಿಸಿ, ಬಟ್ಟೆಯ ಮೇಲೆ ಹಾಕುವ ನೀರು ಸೋರದ ಚಡ್ಡಿ ಹೊಲಿದರು. 1951ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಹತ್ತು ವರ್ಷದ ನಂತರ, 1961ರಲ್ಲಿ, ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಪ್ಯಾಂಪರ್ಸ್ ತಂದಿತು. ಅದರ ಹಿಂದಿದ್ದ ಎಂಜಿನಿಯರ್ ವಿಕ್ಟರ್ ಮಿಲ್ಸ್ ಮೊಮ್ಮಗುವಿನ ಬಟ್ಟೆ ಬದಲಾಯಿಸಿ ಸಾಕಾಗಿದ್ದ ತಾತ! ಮೊದಲು ಒಳಗೆ ಬರೀ ಕಾಗದದ ತಿರುಳು ಇರುತ್ತಿತ್ತು. 1980ರ ದಶಕದಲ್ಲಿ ಸೋಡಿಯಂ ಪಾಲಿಆಕ್ರಿಲೇಟ್ ಎಂಬ ಹರಳು ಸೇರಿತು. ತನ್ನ ತೂಕದ ಹತ್ತಾರು ಪಟ್ಟು ಉಚ್ಚೆಯನ್ನು ಹೀರಿ ಲೋಳೆಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆಯನ್ನು ಚರ್ಮದಿಂದ ದೂರ ಇಡುವುದರಲ್ಲಿ ಅದು ಬಟ್ಟೆಗಿಂತ ಮುಂದೆ, ಒಪ್ಪಿಕೊಳ್ಳಬೇಕು. ರಾತ್ರಿ ತಾಯಿಗೂ ಮಗುವಿಗೂ ನಾಲ್ಕು ಗಂಟೆ ಒಟ್ಟಿಗೆ ನಿದ್ದೆ ಕೊಡುತ್ತದೆ. ಅದೇನು ಸಣ್ಣ ಮಾತಲ್ಲ.

ಕಷ್ಟ ಇರುವುದು ಬಿಚ್ಚಿದ ಮೇಲೆ. ದಿನಕ್ಕೆ ಸರಾಸರಿ ಐದು ಅಂದರೂ ಎರಡೂವರೆ ವರ್ಷಕ್ಕೆ 4,500 ದಾಟುತ್ತದೆ. ಒಂದಕ್ಕೆ ಹತ್ತು ರೂಪಾಯಿಯಂತೆ 45,000 ರೂಪಾಯಿ. ದುಡ್ಡು ಒಂದು ಕಡೆ ಇರಲಿ, ಆ 4,500 ಹೋಗುವುದು ಎಲ್ಲಿಗೆ? ಡೈಪರನ್ನು ಭದ್ರವಾಗಿ ಸುತ್ತಿ ಬೇರೆಯಾಗಿ ಕೊಡಬೇಕು, ಸುತ್ತಲು ಬೇಕಾದ ಚೀಲವನ್ನು ತಯಾರಕರೇ ಒದಗಿಸಬೇಕು ಅಂತ 2016ರ ಘನತ್ಯಾಜ್ಯ ನಿಯಮ ಹೇಳಿತು. ಬೆಂಗಳೂರಿನಲ್ಲಿ ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಡುವ ರೂಢಿಯಾದರೂ ಆಯಿತು. ಹಳ್ಳಿಯಲ್ಲಿ? ಹಳ್ಳಿಯಲ್ಲಿ ಕಸ ಅಂದರೆ ತಿಪ್ಪೆ. ಸಗಣಿ, ಗಂಜಲದ ಹುಲ್ಲು, ಬೂದಿ, ಸೊಪ್ಪು ಸದೆ ಎಲ್ಲ ಅಲ್ಲಿಗೆ. ವರ್ಷಕ್ಕೆ ಎಲ್ಲ ಕೊಳೆತು ಗೊಬ್ಬರ.

2025ರ ಬೇಸಿಗೆಯಲ್ಲಿ ನಾವು ಊರಿಗೆ ಹೋದಾಗ ಹೊಲಗಳಿಗೆ ಗೊಬ್ಬರ ಹೊಡೆಯುತ್ತಿದ್ದರು. ಆಲೂಗೆಡ್ಡೆ ಹಾಕುವ ಮೊದಲು ಅದು ಆಗಬೇಕು. ಮಾವ ಆ ವರ್ಷ ಸಾಲದೆ ಬಂದಿದ್ದಕ್ಕೆ ಎರಡು ಟ್ರಾಕ್ಟರ್ ಗೊಬ್ಬರ ಹೊರಗಿನಿಂದ ಕೊಂಡಿದ್ದರು. ಹರಡುವಾಗ ನೋಡಿದರೆ ಕಪ್ಪು ಗೊಬ್ಬರದ ನಡುವೆ ಬೆಳ್ಳಗೆ ಡೈಪರುಗಳು. ಸಗಣಿ ಕರಗಿತ್ತು, ಹುಲ್ಲು ಕರಗಿತ್ತು, ಅವು ಹಾಗೇ ಇದ್ದವು. ಕೆಲವು ಹರಿದು ಒಳಗಿನ ಲೋಳೆ ಮಣ್ಣಿಗೆ ಬೆರೆತಿತ್ತು. ಅಂಟಿಸುವ ಪಟ್ಟಿಯ ಮೇಲಿನ ಕರಡಿ ಮರಿಯ ಚಿತ್ರ ಕೂಡ ಅಳಿಸಿರಲಿಲ್ಲ. ಮಾವ ಕೋಲಿನಲ್ಲಿ ಎತ್ತಿ ಎತ್ತಿ ಬದುವಿನ ಮೇಲೆ ಹಾಕಿದರು. ಹನ್ನೊಂದು ಸಿಕ್ಕವು. "ಇದ್ನ ಏನ್ ಮಾಡೋದು?" ಅಂತ ನನ್ನನ್ನು ಕೇಳಿದರು. ಸುಟ್ಟರೆ ಪ್ಲಾಸ್ಟಿಕ್ ಹೊಗೆ, ಹೂತರೆ ಮುಂದಿನ ಸಲ ನೇಗಿಲಿಗೆ ಸಿಗುತ್ತದೆ. ಚೀಲಕ್ಕೆ ತುಂಬಿ ಹಾಸನಕ್ಕೆ ತಂದು ನಗರದ ಕಸದ ಗಾಡಿಗೆ ಕೊಟ್ಟೆವು. ಅಲ್ಲಿಂದ ಮುಂದೆಯೂ ಅದು ಎಲ್ಲೋ ಗುಡ್ಡೆಯಾಗಿಯೇ ಇರುತ್ತದೆ.

ಹಾಗಂತ ಬಟ್ಟೆ ಅಂದ ಕೂಡಲೇ ಪುಣ್ಯ ಬಂತು ಅಂತಲ್ಲ. ಬ್ರಿಟನ್ನಿನ ಪರಿಸರ ಇಲಾಖೆ 2008ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದು ಮಗುವಿಗೆ ಎರಡೂವರೆ ವರ್ಷ ಡೈಪರ್ ಬಳಸಿದರೆ ಇಂಗಾಲದ ಹೊರೆ ಸುಮಾರು 550 ಕಿಲೋ, ಬಟ್ಟೆ ಬಳಸಿದರೆ 570 ಕಿಲೋ! ಅಂದರೆ ಬಟ್ಟೆಯದೇ ತುಸು ಜಾಸ್ತಿ. ಕಾರಣ ಅವರ ಬಿಸಿನೀರಿನ ವಾಷಿಂಗ್ ಮೆಷಿನ್ನು, ಬಟ್ಟೆ ಒಣಗಿಸುವ ಡ್ರೈಯರು. ಅದೇ ಬಟ್ಟೆಯನ್ನು ಹಗ್ಗದ ಮೇಲೆ ಒಣಗಿಸಿ, ಮೆಷಿನ್ ತುಂಬಿದ ಮೇಲೆಯೇ ಒಗೆದು, ಎರಡನೇ ಮಗುವಿಗೂ ಬಳಸಿದರೆ 200 ಕಿಲೋ ಉಳಿಯುತ್ತದೆ ಅಂತಲೂ ಅದೇ ವರದಿ ಹೇಳಿತು. 2023ರಲ್ಲಿ ಅಲ್ಲಿನ ಸರ್ಕಾರ ಮತ್ತೆ ಲೆಕ್ಕ ಹಾಕಿದಾಗ ಬಟ್ಟೆಯ ಹೊರೆ ಡೈಪರಿಗಿಂತ ಶೇಕಡಾ 25ರಷ್ಟು ಕಡಿಮೆ ಬಂತು. ಮಾವನ ಹಳೇ ಪಂಚೆ, ಬಾವಿಯ ತಣ್ಣೀರು, ಹಿತ್ತಲ ಬಿಸಿಲು ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತವೆ ಅಂತ ನೀವೇ ಊಹಿಸಿಕೊಳ್ಳಿ. ಅದರ ಜೊತೆ ನನ್ನ ಕೆಂಡ ಮತ್ತು ಇಸ್ತ್ರಿ ಪೆಟ್ಟಿಗೆಯನ್ನೂ ಸೇರಿಸಿ.

ನಾವು ಕೊನೆಗೆ ಮಾಡಿಕೊಂಡಿದ್ದು ಒಂದು ರಾಜಿ. ಹಗಲು ಬಟ್ಟೆ. ಬೆಂಗಳೂರಿಗೆ ಬಂದ ಮೇಲೆ ರಾತ್ರಿಗೆ ಒಂದು ಡೈಪರ್, ಲಸಿಕೆಗೆ ಅಥವಾ ಊರಿಗೆ ಪ್ರಯಾಣ ಹೊರಟರೆ ಒಂದು. ಒಗೆಯುವುದು ಸರದಿಯ ಮೇಲೆ, ಸೋಮ ಬುಧ ಶುಕ್ರ ಭಾನುವಾರ ನಾನು, ಉಳಿದ ಮೂರು ದಿನ ಅವಳು. ಕೆಲಸಕ್ಕೆ ಬರುವ ಅಕ್ಕನಿಗೆ ಆ ಬಕೆಟ್ ಮುಟ್ಟಿಸಿಲ್ಲ. ಪೌಡರ್ ಹಾಕಲಿಲ್ಲ, ಅದರ ಧೂಳು ಕೂಸಿನ ಉಸಿರಿಗೆ ಹೋಗುತ್ತದೆ. ಬಟ್ಟೆ ಬದಲಿಸುವಾಗ ನೀರಿನಲ್ಲಿ ಒರೆಸಿ, ಪೂರ್ತಿ ಆರಲು ಬಿಟ್ಟು, ಬೇಕಾದರೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ದಿನಕ್ಕೆ ಸ್ವಲ್ಪ ಹೊತ್ತು ಏನೂ ಕಟ್ಟದೆ ಹಾಗೇ ಬಿಡುವುದು, ಇದು ಅಜ್ಜಿಯ ಸಲಹೆ, ಡಾಕ್ಟರೂ ಹೌದು ಅಂದರು. ಕುತ್ತಿಗೆ ನಿಂತ ಮೇಲೆ ಅತ್ತೆ ಕಾಲು ಚಾಚಿ ಕೂತು, ಪಾದಗಳ ಮೇಲೆ ಮಗುವನ್ನು ಕೂರಿಸಿಕೊಂಡು "ಸ್ಸ್ಸ್..." ಅನ್ನುವುದನ್ನು ಶುರು ಮಾಡಿದರು. ಹಾಲು ಕುಡಿದು ಹತ್ತು ನಿಮಿಷಕ್ಕೆ ಹಾಗೆ ಕೂರಿಸಿದರೆ ಎರಡರಲ್ಲಿ ಒಂದು ಸಲ ಕೆಲಸ ಆಗುತ್ತಿತ್ತು. ಅಷ್ಟು ಬಟ್ಟೆ ಉಳಿಯಿತು.

ಈಗ ಪುಟ್ಟಿ ಓಡಾಡುತ್ತಾಳೆ, ಮಾತಾಡುತ್ತಾಳೆ, ಬಟ್ಟೆಯ ಕಾಲ ಮುಗಿಯಿತು. ನನ್ನ ನಾದಿನಿಗೆ ಈಗ ಏಳು ತಿಂಗಳು. 48ರಲ್ಲಿ 31 ತುಂಡು ಗಟ್ಟಿಯಾಗಿ ಉಳಿದಿವೆ, ಮೊದಲಿಗಿಂತಲೂ ಮೆತ್ತಗಿವೆ. ಕಳೆದ ವಾರ ಎಲ್ಲವನ್ನೂ ಕುದಿನೀರಿಗೆ ಹಾಕಿ, ಎರಡು ಬಿಸಿಲು ಕಾಣಿಸಿ, ಒಣಗಿದ ಬೇವಿನ ಸೊಪ್ಪಿನ ಜೊತೆ ಕಟ್ಟಿಟ್ಟಿದ್ದೇನೆ. ಗಂಟಿನ ಜೊತೆ ನನ್ನ ಷಡ್ಡಕನಿಗೆ ಒಂದು ಬಕೆಟ್ಟನ್ನೂ ಕೊಡುತ್ತಿದ್ದೇನೆ, ನೀಲಿ ಬಣ್ಣದ್ದು. "ಇದು ಯಾಕಣ್ಣ?" ಅಂತ ಫೋನಿನಲ್ಲಿ ಕೇಳಿದ. "ಬಾ, ಹೇಳಿಕೊಡ್ತೀನಿ" ಅಂದಿದ್ದೇನೆ.

ನಿಮ್ಮ ಮನೆಗಳಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಏನು ಮಾಡುತ್ತಿದ್ದರು? ಕರಾವಳಿಯವರು, ಆಗುಂಬೆ ಕಡೆಯವರು ಖಂಡಿತ ನಮಗಿಂತ ಹೆಚ್ಚು ಬಲ್ಲವರು. ನಾದಿನಿಯ ಹೆರಿಗೆಯೂ ಮಳೆಯಲ್ಲೇ ಬರುತ್ತಿದೆ. ಗೊತ್ತಿದ್ದರೆ ಬೇಗ ತಿಳಿಸಿ.